ರೈಲ್ವೆ ವೇಳಾಪಟ್ಟಿಯಿಂದ ಅಲೆಗಳನ್ನು ತಡೆದ ಆಚಾರ್ಯರು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಕನ್ನಡ ಮಾಧ್ಯಮದಲ್ಲಿಯೇ ಮೆಟ್ರಿಕ್ ಮುಗಿಸಿ ಈ ಗಡಿನಾಡ ಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಆಚಾರ್ಯ ಜಗದೀಶಚಂದ್ರ ಬೋಸರು ನೆನಪಾದರು. ಮಾತೃಭಾಷೆಯಲ್ಲಿ ಓದಿದರೆ ವಿಜ್ಞಾನ ಎಟುಕದೆಂದು ಮಕ್ಕಳನ್ನು ಬಿಡಿಸಿಕೊಂಡು ಹೋಗಲು ಬಂದ ತಂದೆತಾಯಂದಿರಿಗೆ ನಾನು ಹೇಳುತ್ತಿದ್ದುದು ಅವರ ಕಥೆಯನ್ನೇ.

ಬೋಸರು ಜನಿಸಿದ್ದು ಬಂಗಾಳದಲ್ಲಿ, 1858ರ ನವೆಂಬರ್ 30ರಂದು. ತಂದೆ ಭಗವಾನ್‌ಚಂದ್ರರು ಸರಕಾರಿ ಅಧಿಕಾರಿಗಳಾಗಿದ್ದರೂ ಮಗನನ್ನು ಮೊದಲು ಸೇರಿಸಿದ್ದು ಬಂಗಾಳಿ ಶಾಲೆಗೆ. ಬೆಸ್ತರ ಹುಡುಗನೊಬ್ಬನೂ ತಂದೆಯ ಜವಾನನ ಮಗನೂ ಅಲ್ಲಿ ಅವರ ಪಕ್ಕದಲ್ಲಿ ಕುಳಿತು ಕಲಿತರು. ಮುಂದೆ ಕೇಂಬ್ರಿಜ್‌ನಲ್ಲಿ ಓದಿ, 1885ರಲ್ಲಿ ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಭಾರತೀಯರಿಗೆ ಕಡಿಮೆ ಸಂಬಳವೆಂಬ ತಾರತಮ್ಯವನ್ನು ಒಪ್ಪದೆ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. ಕೊನೆಗೆ ಪೂರ್ಣ ಬಾಕಿಯೇ ಕೈಸೇರಿತು. ಸಂಬಳಕ್ಕಾಗಿ ಕಚೇರಿಗಳನ್ನು ಅಲೆದ ನಮ್ಮಂಥ ಮೇಷ್ಟ್ರುಗಳಿಗೆ ಆ ಹಠದ ಬೆಲೆ ಗೊತ್ತು.

ಜರ್ಮನಿಯ ಹರ್ಟ್ಸ್ ಮಹಾಶಯರು 1888ರಲ್ಲಿ ತಂತಿಗಳ ಜಾಲರಿಯಿಂದ ವಿದ್ಯುತ್ಕಾಂತೀಯ ಅಲೆಗಳನ್ನು ತಡೆದು ತೋರಿಸಿದ್ದರು. ಅವರ ಅಲೆ ಅರ್ಧ ಮೀಟರಿಗೂ ಉದ್ದ, ಜಾಲರಿಯೋ ಆಳೆತ್ತರ. ಬೋಸರು ಅಲೆಯನ್ನು 5 ಮಿಲಿಮೀಟರಿನಷ್ಟು ಕಿರಿದುಗೊಳಿಸಿದರು. ಆಗ ಉಪಕರಣವೆಲ್ಲ ಒಂದು ಮೇಜಿನ ಮೇಲೆ ಬಂದು ಕುಳಿತಿತು. ಜಾಲರಿಯ ಬದಲು ಅವರು ಬಳಸಿದ್ದೇನು ಗೊತ್ತೇ? ಒಂದು ರೈಲ್ವೆ ವೇಳಾಪಟ್ಟಿ! ಪುಟಗಳ ನಡುವೆ ತವರದ ತೆಳುಹಾಳೆಗಳನ್ನು ಇರಿಸಿದ ಆ ಪುಸ್ತಕದ ಅಂಚಿನಿಂದ ಅಲೆಯನ್ನು ಹಾಯಿಸಿದರು. ಅಲೆಯ ವಿದ್ಯುತ್ ಕಂಪನವು ಹಾಳೆಗಳಿಗೆ ಸಮಾನಾಂತರವಾಗಿದ್ದರೆ ಲೋಹವು ಅದನ್ನು ತಡೆಯುತ್ತದೆ; ಲಂಬವಾಗಿದ್ದರೆ ಸಂದಿಯಲ್ಲಿ ಬಿಟ್ಟುಕೊಡುತ್ತದೆ. ಪುಸ್ತಕವನ್ನು ಕಾಲು ಸುತ್ತು ತಿರುಗಿಸಿದರೆ ಸಾಕು, ಬಾಗಿಲು ತೆರೆದಂತೆ ಅಥವಾ ಮುಚ್ಚಿದಂತೆ.

1898ರಲ್ಲಿ ಸೆಣಬಿನ ನಾರಿನ ಕಟ್ಟುಗಳನ್ನು ಬಲಕ್ಕೂ ಎಡಕ್ಕೂ ಹೊಸೆದು, ಕಂಪನದ ದಿಕ್ಕು ಹೊಸೆತಕ್ಕೆ ತಕ್ಕಂತೆ ತಿರುಗುವುದನ್ನು ತೋರಿಸಿದರು. ಅಲೆಯ ಉದ್ದಕ್ಕಿಂತ ಸಣ್ಣ ಲೋಹದ ಚಿತ್ತಾರಗಳನ್ನು ತೆಳು ಫಲಕದ ಮೇಲೆ ಮೂಡಿಸಿ ಅಲೆಯನ್ನು ಬಾಗಿಸುವ, ತಿರುಗಿಸುವ ಇಂದಿನ ವಿಜ್ಞಾನಿಗಳು ತಮ್ಮ ಪೂರ್ವಿಕರ ಸಾಲಿನಲ್ಲಿ ಆ ಸೆಣಬಿನ ಕಟ್ಟನ್ನೂ ಎಣಿಸುತ್ತಾರೆ.

ಬಳಿಕ ಅವರ ಮನಸ್ಸು ಸಸ್ಯಗಳತ್ತ ಹೊರಳಿತು. 1917ರಲ್ಲಿ ಕಲಕತ್ತೆಯಲ್ಲಿ ತಮ್ಮ ಸಂಶೋಧನಾ ಮಂದಿರವನ್ನು ತೆರೆದರು. 1921ರಲ್ಲಿ ‘ಅವ್ಯಕ್ತ’ವೆಂಬ ಹೆಸರಿನಲ್ಲಿ ಅವರ ಬಂಗಾಳಿ ಪ್ರಬಂಧಗಳು ಪ್ರಕಟವಾದವು. 1937ರ ನವೆಂಬರ್ 23ರಂದು ಗಿರಿಡೀಹದಲ್ಲಿ ತೀರಿಕೊಂಡರು.

ನಮ್ಮ ವಿಜ್ಞಾನದ ಕಪಾಟಿನಲ್ಲಿ ಹಳೆಯ ರೈಲ್ವೆ ವೇಳಾಪಟ್ಟಿಯೊಂದಿದ್ದುದು ಹಿರಿಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಅದನ್ನು ಅಲ್ಲಿ ಇರಿಸಿದ್ದು ನಾನೇ.