ಫೋರ್ಡ್ ಗೆದ್ದ ಹತ್ತು ಮೈಲಿ

ಹೆನ್ರಿ ಫೋರ್ಡ್ ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣ ಮುಂದೆ ಬರುವುದು ಕಪ್ಪು ಬಣ್ಣದ ಮಾಡೆಲ್ ಟಿ ಕಾರು, ಇಲ್ಲವೇ ಸಾಲಾಗಿ ನಿಂತು ಬಿಡಿಭಾಗ ಜೋಡಿಸುವ ಕಾರ್ಮಿಕರು. ಹಳೆಯ ಕಾರುಗಳ ಬಗ್ಗೆ ನನಗೂ ತೀರದ ಮೋಹವುಂಟು. ಆದರೂ ಫೋರ್ಡ್‌ನ ಜೀವನವನ್ನು ಓದುವಾಗಲೆಲ್ಲ ನನ್ನ ಮನಸ್ಸು ಮಾಡೆಲ್ ಟಿಗಿಂತ ಏಳು ವರ್ಷ ಹಿಂದಕ್ಕೆ, ಡೆಟ್ರಾಯಿಟ್ ನಗರದ ಅಂಚಿನ ಕುದುರೆ ಪಂದ್ಯದ ಮೈದಾನವೊಂದಕ್ಕೆ ಓಡುತ್ತದೆ. ಅಲ್ಲಿ ಒಂದು ಮಧ್ಯಾಹ್ನ ಆತ ಸೋತಿದ್ದರೆ ಇಪ್ಪತ್ತನೆಯ ಶತಮಾನದ ರಸ್ತೆಗಳು ಬೇರೆಯೇ ರೀತಿ ಇರುತ್ತಿದ್ದವೇನೋ.

1863ರಲ್ಲಿ ಮಿಷಿಗನ್‌ನ ರೈತ ಕುಟುಂಬದಲ್ಲಿ ಹುಟ್ಟಿದ ಫೋರ್ಡ್‌ಗೆ ಹೊಲದ ಕೆಲಸವೆಂದರೆ ಬೇಸರ, ಗಡಿಯಾರ ಬಿಚ್ಚಿ ಜೋಡಿಸುವುದೆಂದರೆ ಪ್ರಾಣ. ಹದಿಹರೆಯದಲ್ಲೇ ಊರು ಬಿಟ್ಟು ಡೆಟ್ರಾಯಿಟ್ ಸೇರಿ ಯಂತ್ರಗಳ ಕೆಲಸ ಕಲಿತ. ಮುಂದೆ ಎಡಿಸನ್ ಹೆಸರಿನ ವಿದ್ಯುತ್ ಕಂಪೆನಿಯಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಾಲ್ಕು ಸೈಕಲ್ ಚಕ್ರಗಳ ಬಂಡಿಯೊಂದನ್ನು ಕಟ್ಟಿದ. 1896ರ ಜೂನ್ 4ರ ನಸುಕಿನಲ್ಲಿ ಅದನ್ನು ಹೊರತರಲು ಹೋದರೆ ಬಾಗಿಲೇ ಕಿರಿದು! ಕೊಡಲಿಯಿಂದ ಗೋಡೆ ಒಡೆದು ಬಂಡಿಯನ್ನು ಬೀದಿಗಿಳಿಸಿದ. ಹಣವಂತರು ನಂಬಿದರು, 1899ರಲ್ಲಿ ಕಂಪೆನಿಯೂ ಹುಟ್ಟಿತು. ಆದರೆ ಫೋರ್ಡ್‌ಗೆ ಯಾವ ಬಂಡಿಯೂ ಪೂರ್ತಿ ಸಿದ್ಧವಾಯಿತೆಂದು ಅನ್ನಿಸುತ್ತಲೇ ಇರಲಿಲ್ಲ. 1901ರ ಆರಂಭದಲ್ಲಿ ಕಂಪೆನಿ ಮುಚ್ಚಿತು. ವಯಸ್ಸು ನಲವತ್ತನ್ನು ಸಮೀಪಿಸುತ್ತಿತ್ತು. ಹೆಂಡತಿ, ಮಗ, ಜೊತೆಗೆ ಸೋತವನೆಂಬ ಹೆಸರು.

ಆಗ ಆತ ಹಿಡಿದ ದಾರಿಯೇ ಪಂದ್ಯ. ಆ ಕಾಲಕ್ಕೆ ಕಾರು ನಂಬಿಕೆಗೆ ಅರ್ಹವೆಂದು ಜನರಿಗೆ ತೋರಿಸಲು ಓಟಕ್ಕಿಂತ ಅಗ್ಗದ ಜಾಹೀರಾತು ಬೇರೆ ಇರಲಿಲ್ಲ. 1901ರ ಅಕ್ಟೋಬರ್ 10ರಂದು ಗ್ರಾಸ್ ಪಾಯಿಂಟ್ ಮೈದಾನದಲ್ಲಿ ನಡೆಯಬೇಕಿದ್ದ 25 ಮೈಲಿಯ ಓಟ, ಹಿಂದಿನ ಸ್ಪರ್ಧೆಗಳು ತಡವಾದ್ದರಿಂದ 10 ಮೈಲಿಗಿಳಿಯಿತು. ಕೊನೆಗೆ ಗೆರೆಯ ಮೇಲೆ ಉಳಿದವು ಎರಡೇ ಕಾರು. ಒಂದರಲ್ಲಿ ಕ್ಲೀವ್‌ಲ್ಯಾಂಡ್‌ನ ಅಲೆಕ್ಸಾಂಡರ್ ವಿಂಟನ್. ಆತ ಹೆಸರಾಂತ ತಯಾರಕ, ನುರಿತ ಚಾಲಕ. ಇನ್ನೊಂದರಲ್ಲಿ ಎಂದೂ ಪಂದ್ಯಕ್ಕಿಳಿಯದ ಫೋರ್ಡ್. ವಿಂಟನ್ ಗೆಲ್ಲುವುದು ಎಷ್ಟು ಖಚಿತವಾಗಿತ್ತೆಂದರೆ, ಬಹುಮಾನದ ಗಾಜಿನ ಬಟ್ಟಲನ್ನು ಅವನ ಮನೆಗೆ ಒಪ್ಪುವಂತೆ ಅವನ ಕಡೆಯವರೇ ಆರಿಸಿದ್ದರೆಂಬ ಕಥೆಯಿದೆ.

ಫೋರ್ಡ್‌ನ ಬಂಡಿಗೆ ಎರಡೇ ಸಿಲಿಂಡರ್, ಶಕ್ತಿ ಸುಮಾರು 26 ಅಶ್ವಶಕ್ತಿ. ಕಿಡಿ ಹಾರಿಸುವ ಕಾಯಿಲ್‌ಗೆ ಪಿಂಗಾಣಿಯ ಹೊದಿಕೆ ಮಾಡಿಕೊಟ್ಟವನು ಡೆಟ್ರಾಯಿಟ್‌ನ ಒಬ್ಬ ದಂತವೈದ್ಯ. ಆದರೆ ನಾನು ನೆನೆಯಬಯಸುವುದು ಸ್ಪೈಡರ್ ಹಫ್ ಎಂಬ ಸಹಾಯಕನನ್ನು. ಓಡುವ ಕಾರಿನ ಪಕ್ಕದ ಮೆಟ್ಟಿಲ ಮೇಲೆ ಬಗ್ಗಿ ನಿಂತು, ಪ್ರತಿ ತಿರುವಿನಲ್ಲೂ ಮೈಯನ್ನು ಹೊರಚಾಚಿ, ಬಂಡಿ ಮಗುಚದಂತೆ ತನ್ನ ದೇಹವನ್ನೇ ತೂಕದ ಕಲ್ಲಾಗಿಸಿದವನು ಅವನು. ಆರಂಭದಲ್ಲಿ ವಿಂಟನ್ ಬಹಳ ಮುಂದಿದ್ದ. ಫೋರ್ಡ್ ತಿರುವುಗಳಲ್ಲಿ ಅಂಜುತ್ತಿದ್ದ, ಹೊರಅಂಚಿಗೆ ಸರಿಯುತ್ತಿದ್ದ. ಸುತ್ತು ಕಳೆದಂತೆ ಕೈ ಪಳಗಿತು. ಏಳೆಂಟನೆಯ ಸುತ್ತಿನ ಹೊತ್ತಿಗೆ ಬೇರಿಂಗ್ ಕಾದು ವಿಂಟನ್‌ನ ಕಾರು ಹೊಗೆಯುಗುಳಿತು. ತವರಿನ ಜನರ ಕೂಗಿನ ನಡುವೆ ಫೋರ್ಡ್ ಅವನನ್ನು ದಾಟಿದ. ಸಮಯ 13 ನಿಮಿಷ 24 ಸೆಕೆಂಡಿಗೆ ತುಸು ಕಡಿಮೆ. ಬಹುಮಾನ ಸಾವಿರ ಡಾಲರ್ ಮತ್ತು ಆ ಬಟ್ಟಲು.

ಗೆಲುವು ಕಂಡ ಹಣವಂತರು ಮತ್ತೆ ಬಂದರು. ಅದೇ ನವೆಂಬರ್‌ನಲ್ಲಿ ಆತನ ಹೆಸರಿನಲ್ಲೇ ಹೊಸ ಕಂಪೆನಿ ಶುರುವಾಯಿತು. ಅದನ್ನೂ ಕೆಲವೇ ತಿಂಗಳಲ್ಲಿ ಜಗಳವಾಡಿ ಬಿಟ್ಟ. ಆ ಕಂಪೆನಿಯೇ ಮುಂದೆ ಕ್ಯಾಡಿಲಾಕ್ ಆಯಿತು ಎಂಬುದು ವಾಹನ ಚರಿತ್ರೆಯ ದೊಡ್ಡ ತಮಾಷೆ. ಮತ್ತೆ ಕೈ ಖಾಲಿ, ಮತ್ತೆ ಪಂದ್ಯ. ಈ ಬಾರಿ ಸೈಕಲ್ ಪಟು ಟಾಮ್ ಕೂಪರ್ ಜೊತೆಗೂಡಿ ‘999’ ಎಂಬ ದೈತ್ಯನನ್ನು ಕಟ್ಟಿದ. ಹೊರಮೈಯೇ ಇಲ್ಲದ ಆ ಕಾರಿನಲ್ಲಿ ಇದ್ದದ್ದು ಚಕ್ರ, ಚೌಕಟ್ಟು, ಅಗಾಧ ಎಂಜಿನ್ ಮತ್ತು ಒಂದು ಆಸನ. ಅದನ್ನು ಪಂದ್ಯದಲ್ಲಿ ಓಡಿಸುವ ಧೈರ್ಯ ಕಟ್ಟಿದವರಿಗೇ ಬರಲಿಲ್ಲ. ಹಿಂದೆಂದೂ ಕಾರು ಓಡಿಸದಿದ್ದ ಬಾರ್ನಿ ಓಲ್ಡ್‌ಫೀಲ್ಡ್ ಎಂಬ ಸೈಕಲ್ ಓಟಗಾರನನ್ನು ಕರೆತಂದರು. 1902ರ ಅಕ್ಟೋಬರ್‌ನಲ್ಲಿ ಆತ ಐದು ಮೈಲಿಯನ್ನು ಐದೂವರೆ ನಿಮಿಷದೊಳಗೆ ಮುಗಿಸಿ ಗೆದ್ದ. ಮರುವರ್ಷ ಜೂನ್‌ನಲ್ಲಿ ಫೋರ್ಡ್ ಮೋಟಾರ್ ಕಂಪೆನಿ ಜನಿಸಿತು.

ಕಂಪೆನಿಗೆ ಹೆಸರು ತರಲು 1904ರ ಜನವರಿಯಲ್ಲಿ ಸ್ವತಃ ಫೋರ್ಡ್ ಹೆಪ್ಪುಗಟ್ಟಿದ ಸೇಂಟ್ ಕ್ಲೇರ್ ಸರೋವರದ ಮೇಲೆ ಗಂಟೆಗೆ 91.37 ಮೈಲಿ ವೇಗದಲ್ಲಿ ಕಾರು ಓಡಿಸಿ ವಿಶ್ವದಾಖಲೆ ಬರೆದ. ಆಗಲೂ ಪಕ್ಕದಲ್ಲಿ ಬಗ್ಗಿದ್ದವನು ಹಫ್. ದಾಖಲೆ ಒಂದು ತಿಂಗಳೂ ನಿಲ್ಲಲಿಲ್ಲ, ಸುದ್ದಿ ಮಾತ್ರ ನಿಂತಿತು.

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. 1908ರಲ್ಲಿ ಮಾಡೆಲ್ ಟಿ, 1913ರಲ್ಲಿ ಚಲಿಸುವ ಜೋಡಣಾ ಸಾಲು, 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ. 850 ಡಾಲರ್‌ನಿಂದ ಶುರುವಾದ ಕಾರಿನ ಬೆಲೆ 1925ರ ಹೊತ್ತಿಗೆ 260ಕ್ಕೆ ಇಳಿಯಿತು. 1927ರ ತನಕ ಒಂದೂವರೆ ಕೋಟಿ ಕಾರುಗಳು ತಯಾರಾದವು. ಆ ಕಾರಿನ ಮ್ಯಾಗ್ನೆಟೊ ರೂಪಿಸಿದ್ದರ ಹಿಂದೆಯೂ ಹಫ್ ಇದ್ದ.

ಪಂದ್ಯದ ಫೋರ್ಡ್‌ನನ್ನು ಮೆಚ್ಚುವ ನನಗೆ, ಗೆದ್ದ ಮೇಲಿನ ಫೋರ್ಡ್‌ನನ್ನು ಮೆಚ್ಚುವುದು ಕಷ್ಟ. ಐದು ಡಾಲರ್ ಕೊಟ್ಟವನೇ ಕಾರ್ಮಿಕರ ಮನೆಗಳಿಗೆ ತನಿಖೆಗಾರರನ್ನು ಕಳುಹಿಸಿ, ಅವರು ಹೇಗೆ ಬದುಕುತ್ತಿದ್ದಾರೆಂದು ಇಣುಕಿ ನೋಡಿದ. 1920ರಿಂದ ತನ್ನ ಪತ್ರಿಕೆಯಲ್ಲಿ ಯಹೂದಿಗಳ ವಿರುದ್ಧ ವಾರವಾರವೂ ವಿಷ ಕಾರಿಸಿದ. 1927ರಲ್ಲಿ ಕ್ಷಮೆ ಕೇಳಿದವನು 1938ರಲ್ಲಿ ಹಿಟ್ಲರನ ಸರ್ಕಾರ ಕೊಟ್ಟ ಪದಕವನ್ನು ಸ್ವೀಕರಿಸಿದ. ಸಂಘಟನೆಗೆ ಬಂದ ಕಾರ್ಮಿಕ ನಾಯಕರನ್ನು 1937ರಲ್ಲಿ ಆತನ ಕಾರ್ಖಾನೆಯ ಕಾವಲುಪಡೆ ಥಳಿಸಿತು. 1941ರಲ್ಲಷ್ಟೇ, ಬೇರೆ ದಾರಿ ಕಾಣದೆ, ಒಪ್ಪಂದಕ್ಕೆ ಸಹಿ ಬಿತ್ತು. ಒಬ್ಬನ ಮೈತೂಕವನ್ನು ನಂಬಿ ತಿರುವು ದಾಟಿದವನಿಗೆ ಲಕ್ಷ ಜನರ ದುಡಿಮೆ ಕೇವಲ ಲೆಕ್ಕವಾಗಿ ಕಂಡದ್ದು ಹೇಗೆ ಎಂಬುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಇಷ್ಟಾದರೂ ಹಳೆಯ ಬಂಡಿಗಳ ಮೇಲೆ ಆತನಿಗೆ ಮಮತೆಯಿತ್ತು. 200 ಡಾಲರ್‌ಗೆ ಮಾರಿದ್ದ ಮೊದಲ ಬಂಡಿಯನ್ನು ಹುಡುಕಿಸಿ ಮರಳಿ ಕೊಂಡುಕೊಂಡ. 1947ರ ಏಪ್ರಿಲ್ 7ರಂದು ನದಿಯ ನೆರೆಯಿಂದ ಮನೆಯ ವಿದ್ಯುತ್ ಕಡಿತವಾಗಿತ್ತು. ಆ ರಾತ್ರಿ ಮೇಣದ ಬತ್ತಿ, ಎಣ್ಣೆ ದೀಪಗಳ ಬೆಳಕಿನಲ್ಲಿ, 83ನೆಯ ವಯಸ್ಸಿನಲ್ಲಿ ಫೋರ್ಡ್ ಕಣ್ಣು ಮುಚ್ಚಿದ. ಮೊದಲ ಬಂಡಿಯೂ, ವಿಂಟನ್‌ನನ್ನು ಸೋಲಿಸಿದ ಕಾರೂ, ‘999’ ಕೂಡ ಡಿಯರ್‌ಬಾರ್ನ್‌ನಲ್ಲಿ ಆತನೇ ಕಟ್ಟಿಸಿದ ವಸ್ತುಸಂಗ್ರಹಾಲಯದಲ್ಲಿವೆ.