ಗಡಿನಾಡಿನ ಮೇಷ್ಟ್ರು, ಬೆಳ್ಳಿತೆರೆಯ ಮೇಷ್ಟ್ರು: ಬಿ.ಆರ್. ಪಂತುಲು

ಕೋಲಾರ ಜಿಲ್ಲೆಯವರಾದ ನಮಗೆ ಹಲವು ಭಾಷೆಗಳ ನಡುವೆ ಬದುಕುವುದು ಹೊಸದೇನಲ್ಲ. ಮುಳಬಾಗಿಲು, ಶ್ರೀನಿವಾಸಪುರಗಳ ಸಂತೆಯಲ್ಲಿ ತೆಲುಗು ಕೇಳುತ್ತೇವೆ. ಮಾಲೂರು ದಾಟಿ ಹೊಸೂರಿನ ಕಡೆ ಹೊರಟರೆ ತಮಿಳು ಎದುರಾಗುತ್ತದೆ. ನಮ್ಮಲ್ಲಿ ಅನೇಕರ ಮನೆಯೊಳಗೆ ಉರ್ದು, ಶಾಲೆಯಲ್ಲೂ ಕಚೇರಿಯಲ್ಲೂ ಕನ್ನಡ. ಮನೆಮಾತು ಬೇರೆಯಾದ ಮಕ್ಕಳು ಕನ್ನಡದಲ್ಲಿ ಹಿಂದೆ ಬೀಳುವುದು ಸಹಜ ಎಂದು ಕೆಲವು ತಂದೆತಾಯಿಗಳು ಕೈಚೆಲ್ಲಿ ಕೂರುತ್ತಾರೆ. ಅಂಥವರು ನಮ್ಮ ಜಿಲ್ಲೆಯ ಗಡಿಗೆ ಅಂಟಿದ ಒಂದು ಹಳ್ಳಿಯಿಂದ ಹೊರಟು, ಕನ್ನಡ ರಂಗಭೂಮಿ ಮತ್ತು ಚಲನಚಿತ್ರ ಎರಡರಲ್ಲೂ ಅಳಿಯದ ಹೆಸರು ಗಳಿಸಿದ ಬಿ.ಆರ್. ಪಂತುಲು ಅವರ ಜೀವನವನ್ನು ಒಮ್ಮೆ ಗಮನಿಸಬೇಕು.

ಬುಡುಗೂರು ರಾಮಕೃಷ್ಣಯ್ಯ ಪಂತುಲು ಅವರು ಹುಟ್ಟಿದ್ದು 1910ರ ಜುಲೈ 26ರಂದು, ಕುಪ್ಪಂ ಸೀಮೆಯಲ್ಲಿ. ಕುಪ್ಪಂ ಇಂದು ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಗೆ ಸೇರಿದ್ದರೂ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೆ ನೆರೆಯ ನೆಲ. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಪಂತುಲು ಎಂದರೆ ಶಾಲೆಯ ಮೇಷ್ಟ್ರು ಎಂಬ ಅರ್ಥವೂ ಇದೆ. ಹೆಸರಿಗೆ ತಕ್ಕಂತೆ ಯುವಕ ಪಂತುಲು ಮೊದಲು ಹಿಡಿದ ವೃತ್ತಿ ಅಧ್ಯಾಪಕ ವೃತ್ತಿಯೇ. ಆದರೆ ನಾಟಕದ ಸೆಳೆತ ಅವರನ್ನು ಬಹುಕಾಲ ಶಾಲೆಯ ಕೊಠಡಿಯಲ್ಲಿ ನಿಲ್ಲಗೊಡಲಿಲ್ಲ.

ಅದು ಕನ್ನಡ ವೃತ್ತಿರಂಗಭೂಮಿಯ ವೈಭವದ ಕಾಲ. ಊರೂರಿಗೆ ಡೇರೆ ಹಾಕಿ ತಿಂಗಳುಗಟ್ಟಲೆ ಕ್ಯಾಂಪು ಮಾಡುತ್ತಿದ್ದ ಕಂಪನಿಗಳಲ್ಲಿ ಹೆಚ್ಚಾಗಿ ಪೌರಾಣಿಕ ನಾಟಕಗಳೇ ನಡೆಯುತ್ತಿದ್ದವು. ಅಂಥ ದಿನಗಳಲ್ಲಿ ಬೇರೆ ದಾರಿ ಹಿಡಿದವರು ಮಹಮದ್ ಪೀರ್ ಅವರು. ಅವರ ಚಂದ್ರಕಲಾ ನಾಟಕ ಮಂಡಳಿ ಸಾಮಾಜಿಕ ಮತ್ತು ಐತಿಹಾಸಿಕ ನಾಟಕಗಳಿಗೂ ಹೆಸರಾಗಿತ್ತು. ಷಹಜಹಾನ್ ಪಾತ್ರದಲ್ಲಿ ಪೀರ್ ಸಾಹೇಬರ ಅಭಿನಯವನ್ನು ಕಂಡವರು ಬಹುಕಾಲ ನೆನೆಯುತ್ತಿದ್ದರು. ಅವರು 1937ರಲ್ಲಿ ತೀರಿಕೊಂಡರು. ಇಂದಿನ ನಮ್ಮ ಮಕ್ಕಳಿಗೆ ಅವರ ಹೆಸರೇ ತಿಳಿಯದಿರುವುದು ವಿಷಾದದ ಸಂಗತಿ.

ಶಾಲೆ ಬಿಟ್ಟು ಬಂದ ಪಂತುಲು ಅವರಿಗೆ ಆಸರೆಯಾದದ್ದು ಈ ಮಂಡಳಿ. ಅಲ್ಲಿ ಎಚ್.ಎಲ್.ಎನ್. ಸಿಂಹ, ಡಿಕ್ಕಿ ಮಾಧವರಾವ್, ಎಂ.ವಿ. ರಾಜಮ್ಮ ಮುಂತಾದ ಕಲಾವಿದರ ಒಡನಾಟ ದೊರೆಯಿತು. ಮುಸ್ಲಿಂ ಯಜಮಾನರ ಕಂಪನಿ, ಕನ್ನಡದ ನಾಟಕಕಾರ, ತೆಲುಗು ಮನೆಯಿಂದ ಬಂದ ನಟ. ರಂಗದ ಮೇಲೆ ಎಲ್ಲರದೂ ಒಂದೇ ಮಾತು, ಅದು ಕನ್ನಡ. ಧ್ವನಿವರ್ಧಕದ ಸೌಲಭ್ಯ ಇನ್ನೂ ಅಪರೂಪವಾಗಿದ್ದ ಆ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಪ್ರತಿ ಅಕ್ಷರ ಸ್ಪಷ್ಟವಾಗಿ ಕೇಳಬೇಕಿತ್ತು. ಉಚ್ಚಾರಣೆ ತಪ್ಪಿದರೆ ಪ್ರೇಕ್ಷಕರು ಸಹಿಸುತ್ತಿರಲಿಲ್ಲ. ಪಂತುಲು ಅವರ ತಿದ್ದಿ ತೀಡಿದ ಕನ್ನಡ ಇಂಥ ಗರಡಿಯಲ್ಲಿ ಪಳಗಿದ್ದು.

ಸಿಂಹ ಅವರು ಬರೆದ ಸಂಸಾರ ನೌಕೆ ಎಂಬ ಸಾಮಾಜಿಕ ನಾಟಕ ಆ ಮಂಡಳಿಗೆ ಬಹಳ ಕೀರ್ತಿ ತಂದಿತು. 1936ರಲ್ಲಿ ಅದೇ ನಾಟಕ ಸಿಂಹ ಅವರ ನಿರ್ದೇಶನದಲ್ಲಿ ಮದರಾಸಿನಲ್ಲಿ ಚಲನಚಿತ್ರವಾಯಿತು. ಮೊದಲ ಕನ್ನಡ ವಾಕ್ಚಿತ್ರ ಸತಿ ಸುಲೋಚನ ಬಂದು ಆಗ ಎರಡೇ ವರ್ಷವಾಗಿತ್ತು. ದೇವರು, ರಾಕ್ಷಸರು, ಕಿರೀಟ, ಗದೆಗಳನ್ನು ಬಿಟ್ಟು ನಮ್ಮ ನಿಮ್ಮಂಥವರ ಸಂಸಾರದ ಕಷ್ಟಸುಖ ತೋರಿಸಿದ ಮೊದಲ ಕನ್ನಡ ಚಿತ್ರವೆಂಬ ಹೆಗ್ಗಳಿಕೆ ಸಂಸಾರ ನೌಕೆಗೆ ಸಲ್ಲುತ್ತದೆ. ಪಂತುಲು, ರಾಜಮ್ಮ ಇಬ್ಬರೂ ಬೆಳ್ಳಿತೆರೆಗೆ ಬಂದದ್ದು ಈ ಚಿತ್ರದಿಂದ.

ಮುಂದಿನ ಹಲವು ವರ್ಷ ನಟರಾಗಿ ದುಡಿದ ಪಂತುಲು ಅವರು 1950ರ ದಶಕದಲ್ಲಿ ಪದ್ಮಿನಿ ಪಿಕ್ಚರ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. 1955ರ ಮೊದಲ ತೇದಿ ಚಿತ್ರದಲ್ಲಿ ತಿಂಗಳ ಸಂಬಳವನ್ನೇ ನಂಬಿ ಬದುಕುವ ಗೃಹಸ್ಥನ ಪಾಡನ್ನು ಅಭಿನಯಿಸಿ ತೋರಿಸಿದರು. ಒಂದನೇ ತಾರೀಖಿಗೆ ಕಾಯುವ ಮನೆಗಳು ಅಂದೂ ಇದ್ದವು, ಇಂದೂ ಇವೆ. ಸುಂದರ ನಾಯಕನಾಗಿ ಮರಗಳ ಸುತ್ತ ಓಡುವ ಪಾತ್ರಗಳಿಗಿಂತ ಜವಾಬ್ದಾರಿ ಹೊತ್ತ ತಂದೆ, ಹಿರಿಯ, ಮಂತ್ರಿ ಇಂಥ ತೂಕದ ಪಾತ್ರಗಳೇ ಪಂತುಲು ಅವರಿಗೆ ಒಪ್ಪುತ್ತಿದ್ದವು.

ಅವರ ಜೀವನದ ಶ್ರೇಷ್ಠ ಪಾತ್ರ ಬಂದದ್ದು 1958ರಲ್ಲಿ, ಸ್ಕೂಲ್ ಮಾಸ್ಟರ್ ಚಿತ್ರದಲ್ಲಿ. ನಿರ್ಮಾಣ, ನಿರ್ದೇಶನ, ಮುಖ್ಯ ಪಾತ್ರ ಮೂರೂ ಅವರದೇ. ಪತ್ನಿಯ ಪಾತ್ರದಲ್ಲಿ ಅದೇ ರಾಜಮ್ಮ. ಹಳ್ಳಿಯ ಮಕ್ಕಳನ್ನು ತನ್ನ ಮಕ್ಕಳಂತೆ ತಿದ್ದಿದ ಒಬ್ಬ ಮೇಷ್ಟ್ರು, ಹೊಟ್ಟೆ ಬಟ್ಟೆ ಕಟ್ಟಿ ಹೆತ್ತ ಮಕ್ಕಳನ್ನೂ ಓದಿಸಿ ದೊಡ್ಡವರನ್ನಾಗಿ ಮಾಡುತ್ತಾರೆ. ನಿವೃತ್ತಿಯ ನಂತರ ಆ ಮಕ್ಕಳಿಗೆ ವೃದ್ಧ ತಂದೆತಾಯಿ ಹೊರೆಯಾಗುತ್ತಾರೆ. ತಂದೆ ಒಬ್ಬ ಮಗನ ಮನೆಗೆ, ತಾಯಿ ಇನ್ನೊಬ್ಬನ ಮನೆಗೆ ಎಂದು ಹಂಚಿಕೆಯಾಗುತ್ತದೆ. ಒಂದೇ ಸೂರಿನಡಿ ಬಾಳಿದ ಗಂಡಹೆಂಡತಿ ಮುಪ್ಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡದಂತಾಗುತ್ತದೆ. ಕೊನೆಗೆ ಕೈಹಿಡಿದು ಮೇಲೆತ್ತುವವನು ಹೆತ್ತ ಮಗನಲ್ಲ, ಒಮ್ಮೆ ಅದೇ ಮೇಷ್ಟ್ರ ಕೈಯಲ್ಲಿ ಬುದ್ಧಿ ಕಲಿತು ಪೊಲೀಸ್ ಅಧಿಕಾರಿಯಾದ ಶಿಷ್ಯ.

ಈ ಚಿತ್ರ ಮಾಡುವಾಗ ಪಂತುಲು ಅವರಿಗೆ ಸುಮಾರು ನಲವತ್ತೆಂಟು ವರ್ಷ. ನಡುವಯಸ್ಸಿನಿಂದ ಮುಪ್ಪಿನವರೆಗೆ ಒಬ್ಬ ಮನುಷ್ಯನನ್ನು ನಡೆಸಿಕೊಂಡು ಹೋಗುವುದು ಬಣ್ಣ ಮತ್ತು ಬಿಳಿಗೂದಲಿನಿಂದ ಮಾತ್ರ ಆಗುವ ಕೆಲಸವಲ್ಲ. ತರಗತಿಯ ಮುಂದೆ ನಿಂತು ಪಾಠ ಹೇಳಿದ ಅನುಭವ ಅವರಿಗೆ ಸ್ವಂತದ್ದಾಗಿತ್ತು. ಬಡ ಮೇಷ್ಟ್ರ ಸ್ವಾಭಿಮಾನವನ್ನೂ ಸಂಕೋಚವನ್ನೂ ಅವರು ಬಲ್ಲವರಾಗಿದ್ದರು. ಆದುದರಿಂದಲೇ ಆ ಪಾತ್ರದಲ್ಲಿ ಅಬ್ಬರವಿಲ್ಲ. ಮಗನ ಮನೆಯಲ್ಲಿ ಅವಮಾನ ನುಂಗಿಕೊಂಡು ಸುಮ್ಮನಿರುವ ತಂದೆಯನ್ನು ನೋಡಿದಾಗ ಕಣ್ಣು ತೇವವಾಗದವರು ವಿರಳ.

ಚಿತ್ರಕ್ಕೆ ಆ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮನ್ನಣೆ ದೊರೆಯಿತು. ತಮಿಳು ಮತ್ತು ಹಿಂದಿಯಲ್ಲಿ ಪಂತುಲು ಅವರೇ ಅದನ್ನು ಮತ್ತೆ ತೆಗೆದರು. 1964ರಲ್ಲಿ ಮಲಯಾಳಂ ರೂಪವನ್ನು ನಿರ್ದೇಶಿಸಿದವರು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತ ಪುಟ್ಟಣ್ಣ ಕಣಗಾಲ್. 1972ರಲ್ಲಿ ತೆಲುಗಿಗೆ ಬಂದಾಗ ಅದರ ಹೆಸರು ಬಡಿ ಪಂತುಲು, ಎಂದರೆ ಶಾಲೆಯ ಮೇಷ್ಟ್ರು. ಕನ್ನಡದಲ್ಲಿ ಹುಟ್ಟಿದ ಒಂದು ಕಥೆ ಇಷ್ಟು ಭಾಷೆಗಳ ಮನೆಬಾಗಿಲಿಗೆ ಹೋದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ನಿರ್ದೇಶಕರಾಗಿ ಅವರ ಸಾಧನೆ ಬೇರೆಯೇ ಒಂದು ಲೇಖನಕ್ಕೆ ಸಾಲುವಷ್ಟಿದೆ. ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ ವೀರಪಾಂಡಿಯ ಕಟ್ಟಬೊಮ್ಮನ್ (1959), ಕಪ್ಪಲೋಟ್ಟಿಯ ತಮಿಳನ್ (1961), ಕರ್ಣನ್ (1964), ಎಂ.ಜಿ.ಆರ್. ಅವರ ಆಯಿರತ್ತಿಲ್ ಒರುವನ್ (1965) ಇವರ ನಿರ್ದೇಶನದವು. ಕಟ್ಟಬೊಮ್ಮನ್ ಪಾತ್ರಕ್ಕಾಗಿ ಶಿವಾಜಿ ಅವರಿಗೆ 1960ರಲ್ಲಿ ಕೈರೋದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕನ್ನಡದಲ್ಲಿ ಬಿ. ಸರೋಜಾದೇವಿ ಅವರ ಕಿತ್ತೂರು ಚೆನ್ನಮ್ಮ (1961), ಜಯಲಲಿತಾ ಅವರನ್ನು ನಾಯಕಿಯಾಗಿ ಕನ್ನಡಕ್ಕೆ ತಂದ ಚಿನ್ನದ ಗೊಂಬೆ (1964), ರಾಜಕುಮಾರ್ ಅವರ ಎಮ್ಮೆ ತಮ್ಮಣ್ಣ, ಬೀದಿ ಬಸವಣ್ಣ ಮುಂತಾದವು ಮನೆಮಾತಾದವು. ಕರ್ಣನ್ ಚಿತ್ರವನ್ನು ಹೊಸ ತಂತ್ರಜ್ಞಾನದಿಂದ ಶುದ್ಧಗೊಳಿಸಿ 2012ರಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಜನ ಹೊಸ ಚಿತ್ರಕ್ಕೆ ಮುಗಿಬೀಳುವಂತೆ ಮುಗಿಬಿದ್ದರು. ಆ ಹೊತ್ತಿಗೆ ಪಂತುಲು ಅವರು ಗತಿಸಿ ಮೂವತ್ತೇಳು ವರ್ಷಗಳು ಕಳೆದಿದ್ದವು.

ನಟರಾಗಿ ಅವರು ಮತ್ತೊಮ್ಮೆ ನಾಡಿನ ಮನಗೆದ್ದದ್ದು 1970ರ ಶ್ರೀ ಕೃಷ್ಣದೇವರಾಯ ಚಿತ್ರದಲ್ಲಿ. ರಾಜನ ಪಾತ್ರ ರಾಜಕುಮಾರ್ ಅವರದು, ಮಹಾಮಂತ್ರಿ ತಿಮ್ಮರಸನ ಪಾತ್ರ ಪಂತುಲು ಅವರದು. ಸಾಮ್ರಾಜ್ಯವನ್ನು ಕಟ್ಟಲು ನೆರವಾದ ಹಿರಿಯ ತಾನು ಬೆಳೆಸಿದ ರಾಜನಿಂದಲೇ ಸಂಶಯಕ್ಕೆ ಗುರಿಯಾಗುವ ದುರಂತ ತಿಮ್ಮರಸನದು. ಯೋಚಿಸಿ ನೋಡಿದರೆ ಇದೂ ಸ್ಕೂಲ್ ಮಾಸ್ಟರ್ ಕಥೆಯೇ. ಗುಡಿಸಲಲ್ಲಿ ನಡೆದದ್ದು ಇಲ್ಲಿ ಅರಮನೆಯಲ್ಲಿ ನಡೆಯುತ್ತದೆ, ಅಷ್ಟೆ. ಈ ಪಾತ್ರಕ್ಕಾಗಿ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಅವರನ್ನು ಅರಸಿ ಬಂದಾಗ, ಅದು ರಾಜಕುಮಾರ್ ಅವರಿಗೆ ಸಲ್ಲಬೇಕಾದದ್ದೆಂದು ಅವರು ಒಪ್ಪಿಕೊಳ್ಳಲಿಲ್ಲ ಎಂಬುದನ್ನು ಚಿತ್ರರಂಗದವರು ಇಂದಿಗೂ ನೆನೆಯುತ್ತಾರೆ. ಕಿರಿಯನ ಏಳಿಗೆಯಲ್ಲಿ ತನ್ನ ಸಂತೋಷ ಕಾಣುವುದು ಮೇಷ್ಟ್ರ ಗುಣವಲ್ಲದೆ ಮತ್ತೇನು?

1974ರ ಅಕ್ಟೋಬರ್ 8ರಂದು ಪಂತುಲು ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರು ಕೈಗೆತ್ತಿಕೊಂಡಿದ್ದ ತಮಿಳು ಚಿತ್ರವೊಂದನ್ನು ಎಂ.ಜಿ.ಆರ್. ಅವರೇ ನಿರ್ದೇಶಿಸಿ ಮುಗಿಸಬೇಕಾಯಿತು. ಅವರ ಪುತ್ರಿ ಬಿ.ಆರ್. ವಿಜಯಲಕ್ಷ್ಮಿ ಅವರು ಗಂಡಸರ ಕೆಲಸವೆಂದೇ ಎಣಿಸಲಾಗಿದ್ದ ಛಾಯಾಗ್ರಹಣವನ್ನು ಕಲಿತು, 1980ರ ದಶಕದಲ್ಲಿ ಏಷ್ಯಾದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಹೆಸರು ಪಡೆದರು. ಹೆಣ್ಣುಮಕ್ಕಳ ವಿದ್ಯೆಗೆ ಮಿತಿ ಹಾಕುವವರು ಈ ಸಂಗತಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು.

ಪ್ರಿಯ ವಿದ್ಯಾರ್ಥಿಗಳೇ, ಪಂತುಲು ಅವರ ಬಾಳಿನಿಂದ ನಾವು ಕಲಿಯುವುದು ಎರಡು ಪಾಠ. ಮನೆಮಾತು ಯಾವುದೇ ಇರಲಿ, ಶ್ರದ್ಧೆಯಿಂದ ಕಲಿತವನಿಗೆ ಕನ್ನಡ ತನ್ನದೇ ಆಗುತ್ತದೆ. ತೆಲುಗು ಮನೆಯ ಯುವಕನ ನಾಲಿಗೆಗೆ ಕನ್ನಡ ಒಲಿಯಿತೆಂದ ಮೇಲೆ ಉರ್ದು ಮನೆಯ ಹುಡುಗ ಹುಡುಗಿಯರಿಗೆ ಒಲಿಯದೆ ಇರಲು ಕಾರಣವಿಲ್ಲ. ಎರಡನೆಯದು ಇದಕ್ಕಿಂತ ದೊಡ್ಡದು. ನಿಮಗೆ ಅಕ್ಷರ ಕಲಿಸಿದ ಮೇಷ್ಟ್ರು, ನಿಮಗಾಗಿ ದುಡಿದು ಸವೆದ ತಂದೆತಾಯಿ ನಿಮ್ಮದೇ ಊರಿನಲ್ಲಿದ್ದಾರೆ. ಕೋಲಾರದಲ್ಲೋ ಮುಳಬಾಗಿಲಲ್ಲೋ ಯಾವುದೋ ಗಲ್ಲಿಯ ಹಳೆಯ ಮನೆಯಲ್ಲಿ ನಿವೃತ್ತರಾಗಿ ಕುಳಿತಿರುವ ಆ ಗುರುಗಳ ಬಾಗಿಲಿಗೆ ಈ ರಜೆಯಲ್ಲಿ ಒಮ್ಮೆ ಹೋಗಿ ಸಲಾಂ ಹೇಳಿ ಬನ್ನಿ. ಶಾಲೆಯಲ್ಲಿ ಪಡೆದ ಅಂಕಗಳು ಕೆಲಸ ಕೊಡಿಸಬಹುದು. ಕಲಿತದ್ದು ನಿಜವಾಗಿ ತಲೆಗೆ ಹತ್ತಿದೆಯೇ ಎಂಬುದು ತಿಳಿಯುವುದು ಹಿರಿಯರನ್ನು ನಾವು ನಡೆಸಿಕೊಳ್ಳುವ ರೀತಿಯಲ್ಲಿ.