ಜಿರೊಲಾಮೊ ಕಾರ್ಡಾನೊ

ಜಿರೊಲಾಮೊ ಕಾರ್ಡಾನೊ (24 ಸೆಪ್ಟೆಂಬರ್ 1501 – 21 ಸೆಪ್ಟೆಂಬರ್ 1576) ಇಟಲಿಯ ಗಣಿತಜ್ಞ, ವೈದ್ಯ ಹಾಗೂ ಜ್ಯೋತಿಷಿ. ಘನ ಸಮೀಕರಣವನ್ನು ಬಿಡಿಸುವ ವಿಧಾನವನ್ನು ಮೊದಲ ಬಾರಿಗೆ ಸಾಧನೆಸಹಿತ ಮುದ್ರಿಸಿದವನು ಈತ. ಆದರೆ ಆ ವಿಧಾನದ ಮೂಲ ಈತನದಲ್ಲ. ಗಣಿತಜ್ಞರ ವೃತ್ತಿಧರ್ಮದ ಚರ್ಚೆಯಲ್ಲಿ ಈತನ ಹೆಸರು ಬರುವುದು ಈ ಕಾರಣದಿಂದ.

ಆರಂಭದ ಜೀವನ

ಕಾರ್ಡಾನೊ ಹುಟ್ಟಿದ್ದು ಪಾವಿಯ ನಗರದಲ್ಲಿ. ತಂದೆ ಫಾಜಿಯೊ ವಕೀಲ, ಗಣಿತದಲ್ಲೂ ಪರಿಣತ. ತಂದೆತಾಯಿಗೆ ಆಗ ವಿವಾಹವಾಗಿರಲಿಲ್ಲ. ವೈದ್ಯಶಾಸ್ತ್ರದ ಪದವಿ ಪಡೆದ ಮೇಲೂ ಮಿಲಾನಿನ ವೈದ್ಯರ ಸಂಘ ಜನ್ಮದ ಈ ಕಾರಣವನ್ನು ಮುಂದಿಟ್ಟು ಆತನನ್ನು ಸೇರಿಸಿಕೊಳ್ಳದೆ, 1539ರವರೆಗೆ ಹೊರಗಿಟ್ಟಿತು. ಬಡತನ ಮತ್ತು ಜೂಜಿನ ಚಟ ಎರಡೂ ಆತನನ್ನು ಕಾಡಿದವು. 1534ರಿಂದ ಮಿಲಾನಿನಲ್ಲಿ ಗಣಿತ ಬೋಧಿಸಿದನು.

ಘನ ಸಮೀಕರಣದ ವಿವಾದ

ಅಂದಿನ ಇಟಲಿಯಲ್ಲಿ ಹೊಸ ವಿಧಾನವನ್ನು ಪ್ರಕಟಿಸುವುದಕ್ಕಿಂತ ಬಚ್ಚಿಡುವುದೇ ವಾಡಿಕೆ. ಸಾರ್ವಜನಿಕ ಸ್ಪರ್ಧೆಯಲ್ಲಿ ಎದುರಾಳಿಯನ್ನು ಸೋಲಿಸಿದವನಿಗೆ ಕೀರ್ತಿಯೂ ಉದ್ಯೋಗವೂ ದೊರಕುತ್ತಿದ್ದುದರಿಂದ ಗುಟ್ಟೇ ಗಣಿತಜ್ಞನ ಬಂಡವಾಳವಾಗಿತ್ತು. ಬೊಲೊನ್ಯದ ಶಿಪಿಯೋನೆ ದೆಲ್ ಫೆರೊ ಒಂದು ಬಗೆಯ ಘನ ಸಮೀಕರಣವನ್ನು ಬಿಡಿಸಿದ್ದರೂ ಅದನ್ನು ಪ್ರಕಟಿಸದೆ, 1526ರಲ್ಲಿ ತೀರಿಕೊಂಡನು. ಆತನಿಂದ ಗುಟ್ಟನ್ನು ಕಲಿತಿದ್ದ ಶಿಷ್ಯ ಫಿಯೊರ್, 1535ರಲ್ಲಿ ನಿಕೊಲೊ ಟಾರ್ಟಾಗ್ಲಿಯನಿಗೆ ಸವಾಲು ಹಾಕಿ 30 ಲೆಕ್ಕಗಳನ್ನು ಒಡ್ಡಿದನು. ಟಾರ್ಟಾಗ್ಲಿಯ ವಿಧಾನವನ್ನು ಸ್ವಂತವಾಗಿ ಕಂಡುಕೊಂಡು ಎಲ್ಲವನ್ನೂ ಬಿಡಿಸಿದನು. (ಬಾಲ್ಯದಲ್ಲಿ ಸೈನಿಕನ ಕತ್ತಿಯೇಟಿನಿಂದ ದವಡೆ ಸೀಳಿ ಮಾತು ತೊದಲುತ್ತಿದ್ದುದರಿಂದ ಈತನಿಗೆ ಈ ಹೆಸರು, ಅದರ ಅರ್ಥವೇ ತೊದಲ.)

ಕಾರ್ಡಾನೊ ಈತನನ್ನು ಪದೇಪದೇ ಬೇಡಿ, 1539ರ ಮಾರ್ಚ್‌ನಲ್ಲಿ ಮಿಲಾನಿಗೆ ಕರೆಸಿಕೊಂಡನು. ಟಾರ್ಟಾಗ್ಲಿಯ ವಿಧಾನವನ್ನು ಪದ್ಯರೂಪದಲ್ಲಿ ತಿಳಿಸಿದನು, ಆದರೆ ಸಾಧನೆಯನ್ನು ಹೇಳಲಿಲ್ಲ. ಎಂದಿಗೂ ಪ್ರಕಟಿಸುವುದಿಲ್ಲವೆಂದು ಕಾರ್ಡಾನೊ ಧರ್ಮಗ್ರಂಥದ ಮೇಲೆ ಆಣೆಯಿಟ್ಟನೆಂಬುದು ಟಾರ್ಟಾಗ್ಲಿಯ ಮುಂದೆ ಕೊಟ್ಟ ವಿವರ. ಕಾರ್ಡಾನೊವಿನ ಶಿಷ್ಯ ಲೊಡೊವಿಕೊ ಫೆರಾರಿ ತಾನೂ ಅಲ್ಲಿದ್ದೆನೆಂದು ಹೇಳಿ ಇದನ್ನು ಅಲ್ಲಗಳೆದನು. ಇಬ್ಬರೂ ಪಕ್ಷದವರೇ ಆದ್ದರಿಂದ ಯಾರ ಮಾತನ್ನೂ ಹಾಗೆಯೇ ಒಪ್ಪುವಂತಿಲ್ಲ.

1543ರಲ್ಲಿ ಗುರುಶಿಷ್ಯರು ಬೊಲೊನ್ಯಕ್ಕೆ ಹೋಗಿ ದೆಲ್ ಫೆರೊನ ಅಳಿಯನ ಬಳಿಯಿದ್ದ ಹಸ್ತಪ್ರತಿಯಲ್ಲಿ ಅದೇ ಪರಿಹಾರವನ್ನು ಕಂಡರು. ಮೂಲ ಶೋಧಕ ಬೇರೊಬ್ಬನೆಂದಾದ ಮೇಲೆ ಪ್ರಕಟಣೆಗೆ ಅಡ್ಡಿಯಿಲ್ಲವೆಂದು ಕಾರ್ಡಾನೊ ಭಾವಿಸಿದನು. 1545ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಆತನ ಆರ್ಸ್ ಮಾಗ್ನ ಅಚ್ಚಾಯಿತು. ಅದರಲ್ಲಿ ದೆಲ್ ಫೆರೊ, ಟಾರ್ಟಾಗ್ಲಿಯ ಇಬ್ಬರನ್ನೂ ಹೆಸರಿಸಿ, ಚತುರ್ಘಾತ ಸಮೀಕರಣದ ಪರಿಹಾರ ಫೆರಾರಿಯದೆಂದು ಸ್ಪಷ್ಟಪಡಿಸಿದನು. ಬೇರೆ ಬೇರೆ ಬಗೆಯ ಘನ ಸಮೀಕರಣಗಳಿಗೆ ಜ್ಯಾಮಿತೀಯ ಸಾಧನೆಗಳನ್ನು ಒದಗಿಸಿದ್ದು ಆತನ ಸ್ವಂತ ದುಡಿಮೆ. ಹೀಗಾಗಿ ಕೃತಿಚೌರ್ಯದ ಆರೋಪ ನಿಲ್ಲುವುದಿಲ್ಲ. ವಚನಭಂಗದ ಆರೋಪ ಮಾತ್ರ ಹೆಸರು ಹೇಳಿದ ಮಾತ್ರಕ್ಕೆ ಅಳಿಸಿಹೋಗುವಂಥದಲ್ಲ. ಆಣೆ ನಿಜವಾಗಿದ್ದರೆ, ಅದರಿಂದ ಬಿಡುಗಡೆ ಮಾಡಬೇಕಾದವನು ಟಾರ್ಟಾಗ್ಲಿಯನೇ ಹೊರತು ದೆಲ್ ಫೆರೊನ ಹಸ್ತಪ್ರತಿಯಲ್ಲ.

ಟಾರ್ಟಾಗ್ಲಿಯ 1546ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಟುವಾಗಿ ದೂರಿದನು. ಕಾರ್ಡಾನೊ ಮೌನವಾಗಿದ್ದನು, ಉತ್ತರಿಸಿದವನು ಫೆರಾರಿ. 1548ರ ಆಗಸ್ಟ್ 10ರಂದು ಮಿಲಾನಿನಲ್ಲಿ ಫೆರಾರಿಯೊಡನೆ ನಡೆದ ಸ್ಪರ್ಧೆಯನ್ನು ಅರ್ಧಕ್ಕೇ ಬಿಟ್ಟು ಟಾರ್ಟಾಗ್ಲಿಯ ಊರು ತೊರೆದನು. 1557ರಲ್ಲಿ ವೆನಿಸ್‌ನಲ್ಲಿ ನಿಧನನಾದನು.

ಕೊನೆಯ ವರ್ಷಗಳು

ಕಾರ್ಡಾನೊ ವೈದ್ಯನಾಗಿ ಯುರೋಪಿನಲ್ಲೆಲ್ಲ ಹೆಸರಾದನು. 1552ರಲ್ಲಿ ಸ್ಕಾಟ್ಲೆಂಡಿಗೆ ಹೋಗಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್‌ನ ಉಬ್ಬಸಕ್ಕೆ ಚಿಕಿತ್ಸೆ ನೀಡಿದನು. 1560ರಲ್ಲಿ ಹಿರಿಯ ಮಗ ಪತ್ನಿಗೆ ವಿಷವಿಕ್ಕಿದ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದನು. ಆ ದುಃಖದಿಂದ ತಂದೆ ಮತ್ತೆ ಚೇತರಿಸಿಕೊಳ್ಳಲಿಲ್ಲ. 1570ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಆತನನ್ನು ಸೆರೆಯಲ್ಲಿಟ್ಟಿತು. ಬಿಡುಗಡೆಯ ಅನಂತರ ರೋಮಿನಲ್ಲಿ ನೆಲೆಸಿ ಆತ್ಮಕಥೆ ಬರೆದು, ಅಲ್ಲಿಯೇ ನಿಧನನಾದನು. ಜೂಜಿನ ಅನುಭವದಿಂದ ಸಂಭವನೀಯತೆಯನ್ನು ಕುರಿತು ಬರೆದ ಪುಸ್ತಕ 1663ರಲ್ಲಿ ಬೆಳಕು ಕಂಡಿತು. ಘನ ಸಮೀಕರಣದ ಸೂತ್ರಕ್ಕೆ ಪಠ್ಯಗಳಲ್ಲಿ ಇಂದಿಗೂ ಕಾರ್ಡಾನೊ ಸೂತ್ರವೆಂದೇ ಹೆಸರು.